ಕೊನೆಯ ಬೊಗಸೆ

ಮಹಾಲಯ ಅಮಾವಾಸ್ಯೆ. ಅಮೆರಿಕದ ಇಸ್ಸಾಕ್ವಾ ಊರಿನ ಗುಡ್ಡದ ಮೇಲಿನ ಮನೆಯ ಹಿತ್ತಲಲ್ಲಿ ಗಣಪತಿ ಪಂಚೆ ಉಟ್ಟು, ಚಳಿಗೆ ಮೇಲೊಂದು ಜಾಕೆಟ್ ಏರಿಸಿ ತರ್ಪಣಕ್ಕೆ ಕೂತಿದ್ದ. ಮೈಸೂರಿನ ಪುರೋಹಿತರು ಫೋನಿನಲ್ಲೇ ಮಂತ್ರ ಹೇಳಿಕೊಡುತ್ತಿದ್ದರು. ಮನೆ ಮುಂದೆ ಮಾರಾಟದ ಬೋರ್ಡು. ಕೆಲಸ ಹೋಗಿತ್ತು, ವೀಸಾ ಮುಗಿಯುತ್ತಾ ಬಂದಿತ್ತು. ಮನೆ ಬೇಗ ಮಾರದೆ ಗತಿಯಿರಲಿಲ್ಲ.

ಅದಕ್ಕೇ ಹಿಂದಿನ ವಾರ ಬಡಾವಣೆಯ ಮೀಟಿಂಗಿನಲ್ಲಿ ಅವನು ಬಾಯಿ ಬಿಟ್ಟದ್ದು. ೧೮೮೫ರಲ್ಲಿ ಈ ಕಣಿವೆಗೆ ಬಿಯರಿಗೆ ಹಾಕುವ ಹಾಪ್ಸ್ ಹೂ ಕೀಳಲು ಬಂದ ಚೀನೀ ಕೂಲಿಗಳು ಡೇರೆಯಲ್ಲಿ ಮಲಗಿದ್ದಾಗ ಊರಿನ ಕೆಲವರು ಗುಂಡು ಹಾರಿಸಿ ಮೂವರನ್ನು ಕೊಂದಿದ್ದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಅವರ ನೆನಪಿಗೆ ನಮ್ಮ ಬೀದಿಯ ತಿರುವಿನಲ್ಲೊಂದು ಕಲ್ಲು ನಿಲ್ಲಿಸೋಣ ಎಂದು ಪಕ್ಕದ ಮನೆಯ ಮಿಸೆಸ್ ಚೆಂಗ್ ಕೇಳಿದ್ದರು.

“ಪಾಪ ಅನಿಸುತ್ತೆ, ನಿಜ. ಆದರೆ ಸಾವಿನ ಕಲ್ಲು ಎದುರಿಗಿದ್ದರೆ ನಮ್ಮ ಇಂಡಿಯನ್ಸ್ ಯಾರೂ ಮನೆ ಕೊಳ್ಳಲ್ಲ,” ಎಂದಿದ್ದ ಗಣಪತಿ. ಅಬ್ಬಾ, ಆ ಮಾತಿಗೆ ಎದ್ದ ಕೈಗಳೇ! ಅಲ್ಲಿಯವರೆಗೆ ತೆಪ್ಪಗಿದ್ದವರೂ ಕೈ ಎತ್ತಿದರು. ಕಲ್ಲು ಬೇಡವೆಂದಾಯಿತು.

“ಈಗ ಕೊನೆಯ ಬೊಗಸೆ,” ಎಂದರು ಪುರೋಹಿತರು. “ನೀರು ಬಿಡೋರು ಯಾರೂ ಇಲ್ಲದೆ ಹೋದವರಿಗೆ. ನೆನೆಸಿಕೊಂಡು ಬಿಡಿ.”

ಬೇಡವೆಂದರೂ ಗಣಪತಿಯ ಕಣ್ಣಿಗೆ ಆ ಡೇರೆಗಳೇ ಬಂದವು. ಥೂ, ನನ್ನಂಥವನ ನೀರು ಅವರಿಗೆ ಬೇಕಾ, ಅನ್ನಿಸಿತು. ಆದರೂ ಎಳ್ಳುನೀರು ಬಿಟ್ಟ.

ಬೇಲಿಯಾಚೆ ಸೊಪ್ಪು ಕೊಯ್ಯುತ್ತಿದ್ದ ಮಿಸೆಸ್ ಚೆಂಗ್, “ಯಾರಿಗೆ ಇದೆಲ್ಲ?” ಎಂದು ಕೇಳಿದರು.

“ನಮ್ಮ ಹಿರಿಯರಿಗೆ. ಕೊನೆಯದು... ಆ ಮೂವರಿಗೆ.”

ಆಕೆ ಸೊಪ್ಪಿನ ಬುಟ್ಟಿ ಎತ್ತಿಕೊಂಡರು. “ಹಿತ್ತಲಲ್ಲಿ, ಯಾರಿಗೂ ಕಾಣದ ಹಾಗೆ ನೀರು ಕೊಡ್ತೀರಿ. ಬೀದಿಯಲ್ಲಿ ಮಾತ್ರ ಅವರು ಬೇಡ,” ಎಂದು ಒಳಗೆ ಹೋದರು. ಗಣಪತಿಗೆ ಅವಮಾನದಿಂದ ಮೈಯೆಲ್ಲ ಉರಿಯಿತು.

ಸಂಜೆ ಹೆಂಡತಿಗೆ ಹೇಳಿದ: “ಆ ಕಲ್ಲು ನಮ್ಮ ಮನೆ ಮುಂದೇನೇ ಇರಲಿ. ಅವರಿಗೆ ಹೇಳಿ ಬರ್ತೀನಿ.”

ವಸಂತಲಕ್ಷ್ಮಿ ಸಿಡಿದಳು. “ತಲೆ ಕೆಟ್ಟಿದೆಯೇನ್ರೀ? ಆಮೇಲೆ ಮನೆ ಯಾರು ತಗೋತಾರೆ? ನಾವೇ ಇಲ್ಲಿಂದ ಗಂಟುಮೂಟೆ ಕಟ್ತಿರೋರು!”

“ಅದಕ್ಕೇ ಕಣೇ. ಅವರೂ ನಮ್ಮ ಹಾಗೇ ದುಡಿಯೋಕೆ ಬಂದೋರು.”

ಅವನು ಪಕ್ಕದ ಮನೆಗೆ ಹೋಗಿ ಹೇಳಿದ. ಮಿಸೆಸ್ ಚೆಂಗ್ ನಗಲಿಲ್ಲ. “ಕೊಂಡವರು ಕಿತ್ತು ಹಾಕ್ತಾರೆ,” ಎಂದರು. “ಅಲ್ಲೀತನಕ ಇರಲಿ,” ಎಂದ ಗಣಪತಿ.

ಮುಂದಿನ ಶನಿವಾರ ಮಾರಾಟದ ಬೋರ್ಡಿನ ಪಕ್ಕ ಆ ಮೂವರ ಕತೆ ಕೆತ್ತಿದ ಕಲ್ಲು ನಿಂತಿತ್ತು. ಮನೆ ನೋಡಲು ಬಂದ ಕಾರು ನಿಧಾನಿಸಿತು. ಒಳಗಿದ್ದವರು ಗಾಜು ಇಳಿಸಿ ಕಲ್ಲನ್ನು ನೋಡಿದರು, ಬೋರ್ಡನ್ನು ನೋಡಿದರು, ಇಳಿಯದೆ ಹೊರಟುಹೋದರು.

ವಸಂತಲಕ್ಷ್ಮಿ ಬಾಗಿಲಲ್ಲಿ ನಿಂತು ಎಲ್ಲ ನೋಡಿದಳು. “ಓದಿದ್ರಾ?” ಎಂದು ಕೇಳಿದಳು.

“ಓದಿದ್ರು,” ಎಂದ ಗಣಪತಿ.