ಇದ್ದಾರೆ / ಇಲ್ಲ

ಒಂದಾನೊಂದು ಊರಿಗೊಂದು ಕಚೇರಿ, ಆ ಕಚೇರಿಗೆ ಮೂರು ಕಿಟಕಿ. ಮೂರನೆಯ ಕಿಟಕಿಯವಳ ಕೆಲಸವೇ ವಿಚಿತ್ರ. ಪಿಂಚಣಿಯ ಮುದುಕರು ವರ್ಷಕ್ಕೊಮ್ಮೆ ಎದುರು ಬಂದು ನಿಂತರೆ, ಅವರು ಬದುಕಿದ್ದಾರೆಂದು ಬರೆದುಕೊಡುವುದು. ನಮೂನೆಯ ಕೊನೆಗೆ 'ಇದ್ದಾರೆ / ಇಲ್ಲ' ಎಂದು ಅಚ್ಚಾಗಿತ್ತು; ಸಲ್ಲದ ಪದವನ್ನು ಗೀಟೆಳೆದು ಹೊಡೆದುಹಾಕಬೇಕು. ಎದುರಿಗೆ ನಿಂತು ಕೆಮ್ಮುವವರನ್ನು ಇಲ್ಲ ಅನ್ನುವುದುಂಟೇ? ಆರು ವರ್ಷ ಅವಳು ಕಣ್ಣುಮುಚ್ಚಿಕೊಂಡು 'ಇಲ್ಲ'ಕ್ಕೇ ಗೀಟು ಎಳೆದಿದ್ದಳು.

ಈಗ ಅವಳೇ ಕಟಕಟೆ ಹತ್ತಬೇಕಿತ್ತು. ಸತ್ತು ನಾಲ್ಕು ತಿಂಗಳಾಗಿದ್ದ ದರ್ಜಿ ಅಜ್ಜಿಯ ನಮೂನೆಗೆ ರುಜು ಹಾಕಿದ್ದಳಂತೆ. ವಂಚನೆಯ ಆರೋಪ; ಸಾಬೀತಾದರೆ ಜೈಲು.

"ನಿಜ ಹೇಳು, ಅಜ್ಜಿ ಬಂದಿದ್ರಾ?" ವಕೀಲಮ್ಮ ಕೇಳಿದರು.

"ಬಂದಿದ್ರು ಮೇಡಂ. ನಾನೇ ಕೈ ಹಿಡಿದು ಹೆಬ್ಬೆಟ್ಟು ಒತ್ತಿಸ್ದೆ. ಕತ್ತರಿ ಮುಟ್ಟಿದ ಹಾಗೆ ತಣ್ಣಗಿತ್ತು."

"ಇದನ್ನ ಕೋರ್ಟಲ್ಲಿ ಹೇಳಿದ್ರೆ ಜೈಲಿಗಲ್ಲ ತಾಯಿ, ಹುಚ್ಚಾಸ್ಪತ್ರೆಗೆ ಕಳಿಸ್ತಾರೆ." ವಕೀಲಮ್ಮ ತಮ್ಮ ಕರಿ ಕೋಟಿನಿಂದ ಜೋತುಬಿದ್ದ ಗುಂಡಿಯನ್ನು ತಿರುವಿದರು. "ಇದನ್ನೂ ಅದೇ ಅಜ್ಜಿ ಹೊಲೀಬೇಕಿತ್ತು. ಅಷ್ಟರಲ್ಲಿ ಹೋಗ್ಬಿಟ್ರು. ಇರ್ಲಿ. ತಪ್ಪು ಬರೆದ ಮಾತ್ರಕ್ಕೆ ವಂಚನೆ ಆಗಲ್ಲ. ಸುಳ್ಳು ಅಂತ ಗೊತ್ತಿದ್ದೂ, ಮೋಸ ಮಾಡೋಕೇ ಹೇಳಿರ್ಬೇಕು. ಅದನ್ನ ಅವರು ತೋರಿಸ್ಬೇಕು. ಮೊದಲು ನೀನು ಹೇಳಿದ್ದಾದ್ರೂ ಏನು?"

ನಮೂನೆಯ ನಕಲು ಬಿಚ್ಚಿಕೊಂಡಿತು. ಹೆಬ್ಬೆಟ್ಟು ಅಜ್ಜಿಯದೇ ಎಂದು ತಜ್ಞರ ವರದಿ. ಕೆಳಗೆ ಇವಳ ರುಜು. ವಕೀಲಮ್ಮನ ಬೆರಳು ಕೊನೆಯ ಸಾಲಿನಲ್ಲಿ ನಿಂತುಬಿಟ್ಟಿತು.

"ಗೀಟೆಲ್ಲೇ?"

ಆಗ ಅವಳಿಗೆ ಅಜ್ಜಿಯ ದನಿ ನೆನಪಾಯಿತು. 'ಗೀಟು ಈಗ್ಲೇ ಬೇಡ ಮಗಳೇ. ಒಂದು ಗುಂಡಿ ಬಾಕಿ ಇದೆ. ಆಮೇಲೆ ಸರಿಯಾದ್ದಕ್ಕೆ ಎಳಿ. ಎಳೀತೀಯಾ?' ಅಜ್ಜಿಯ ಹಿಂದೆ ಜನರ ಸಾಲು ಉದ್ದವಿತ್ತು. 'ಎಳೀತೀನಜ್ಜಿ' ಅಂದಿದ್ದಳು.

ವಕೀಲಮ್ಮ ಕೋರ್ಟಿನಲ್ಲಿ ಹೆಚ್ಚು ಮಾತಾಡಲಿಲ್ಲ. "ಎರಡು ಪದವೂ ಹಾಗೇ ಉಳಿದಿವೆ, ಸ್ವಾಮಿ. ಇವಳು ಇದ್ದಾರೆ ಅಂದಿಲ್ಲ, ಇಲ್ಲ ಅಂದಿಲ್ಲ. ಮೇಲಿನವರು ಅಭ್ಯಾಸಕ್ಕೆ ಬಿದ್ದು ಇದ್ದಾರೆ ಅಂತ ಓದ್ಕೊಂಡ್ರು. ಆಡದ ಮಾತು ಸುಳ್ಳು ಹೇಗಾಗುತ್ತೆ?"

ಬಿಡುಗಡೆಯಾಯಿತು. ಮೆಟ್ಟಿಲಿಳಿಯುವಾಗ ವಕೀಲಮ್ಮ ಎದೆ ಮುಟ್ಟಿಕೊಂಡರು. ಗುಂಡಿ ಬಿಗಿಯಾಗಿತ್ತು, ಹೊಸ ದಾರದಲ್ಲಿ.

"ನೀನು ಹೊಲಿದ್ಯಾ?"

ಅವಳು ತಲೆಯಾಡಿಸಿದಳು, ಇಲ್ಲವೆಂದು.

ನಮೂನೆ, ಪೂರ್ತಿ ಮಾಡಬೇಕೆಂಬ ಟಿಪ್ಪಣಿ ಹೊತ್ತು ಮೂರನೆಯ ಕಿಟಕಿಗೇ ಮರಳಿತು. ಅವಳು ಸ್ಕೇಲಿಟ್ಟು, ಉಸಿರು ಬಿಗಿಹಿಡಿದು 'ಇದ್ದಾರೆ'ಗೆ ಗೀಟು ಎಳೆದಳು. ಕಿಟಕಿಯಾಚೆ ಯಾರೂ ಇರಲಿಲ್ಲ. ಹಲ್ಲಿನಲ್ಲಿ ದಾರ ಕಡಿದ ಸದ್ದು ಮಾತ್ರ ಕೇಳಿಸಿತು.