ಪ್ರಕಟಣೆಗೆ ನಾಲ್ಕು ಅಂಕ

ನಮ್ಮ ಯಜಮಾನರು ತಿರುನಾರಾಯಣ ಮೇಷ್ಟ್ರು ಜನ್ಮವೆಲ್ಲ ಹಾಸನ ಜಿಲ್ಲೆಯ ಭಾಷಣ ಸ್ಪರ್ಧೆಗಳಿಗೆ ತೀರ್ಪುಗಾರರಾಗಿದ್ದವರು. ಅವರು ನಿವೃತ್ತರಾದರೂ ಆ ಚಾಳಿ ನಿವೃತ್ತವಾಗಲಿಲ್ಲ. ಗೊರೂರಿನ ನಮ್ಮ ಬೀದಿಗೆ ಮೈಕು ಕಟ್ಟಿಕೊಂಡು ಯಾವ ಆಟೋ ಬಂದರೂ ಜಗುಲಿಯಲ್ಲಿ ಕೂತು, ಕಣ್ಣು ಮುಚ್ಚಿ ಕೇಳಿ, ಹತ್ತಕ್ಕೆ ಇಷ್ಟು ಅಂತ ಅಂಕ ಕೊಡುತ್ತಾರೆ. ಸೀರೆ ಮಾರಾಟದವನು "ಇಂದೇ ಕೊನೆ ದಿನ" ಅಂದಾಗ, "ದನಿಯಲ್ಲಿ ಅವಸರವೇ ಇಲ್ಲ, ಮೂರು ಅಂಕ" ಅಂದರು. ಮಾರಾಟ ಆಮೇಲೆ ಒಂದು ತಿಂಗಳು ನಡೆಯಿತು. ಅಲ್ಲಿಂದ ಊರಿಗೆ ಇವರ ಕಿವಿಯ ಮೇಲೆ ನಂಬಿಕೆ ಬಂತು. ನನಗೆ ಬರಲಿಲ್ಲ. ಮನೆಯ ಕುಕ್ಕರ್ ಕೂಗಿದ್ದು ಆ ಕಿವಿಗೆ ಒಂದು ದಿನವೂ ಕೇಳಿಸಿಲ್ಲ.

ಎದುರು ಮನೆ ರುದ್ರಯ್ಯನಂತೂ ಇವರನ್ನು ಕೇಳದೆ ಓಟು ಕೂಡ ಹಾಕುವವನಲ್ಲ. ಅವನ ಗದ್ದೆ ಹೊಳೆ ದಂಡೆಯಲ್ಲಿದೆ. ಬೇಸಿಗೆಯಲ್ಲಿ ಅಲ್ಲಿಗೆ ಹೊಸ ಮೋಟಾರು ಕೂರಿಸಿ, ಪೂಜೆ ಮಾಡಿ, ನಮಗೂ ಕೋಸಂಬರಿ ತಂದುಕೊಟ್ಟಿದ್ದ.

ಕಳೆದ ಆಷಾಢದ ಒಂದು ಬೆಳಿಗ್ಗೆ ಆಟೋ ಬಂತು. ಅಣೆಕಟ್ಟೆ ತುಂಬುತ್ತಿದೆ, ಯಾವ ಕ್ಷಣದಲ್ಲಾದರೂ ಹೊಳೆಗೆ ನೀರು ಬಿಡಲಾಗುವುದು, ದಂಡೆಯಲ್ಲಿರುವ ದನಕರು, ಪಂಪ್‌ಸೆಟ್ ತೆರವು ಮಾಡಬೇಕು ಅಂತ ಕೂಗಿಕೊಂಡು ಹೋಯಿತು. ಅದು ತಿರುವು ದಾಟುವುದರೊಳಗೆ ರುದ್ರಯ್ಯ ನಮ್ಮ ಜಗುಲಿ ಮುಂದೆ ನಿಂತಿದ್ದ.

"ಎಂಗೈತೆ ಸಾ? ಮೋಟ್ರು ಎತ್ತಿಸ್ಬೇಕಾ? ಆಳು ಸಿಗಾದೇ ಕಷ್ಟ."

ಇವರು ಕಣ್ಣು ಬಿಟ್ಟರು. "ತಾರೀಖಿಲ್ಲ. ಎಷ್ಟು ನೀರು ಅಂತಿಲ್ಲ. ಪಂಪ್‌ಸೆಟ್ ಅನ್ನೋವಾಗ ಹಿಂದೆ ಒಂದು ನಾಯಿ ಬೊಗಳ್ತಲ್ಲ, ಹೋದ ವರ್ಷವೂ ಅಲ್ಲೇ ಬೊಗಳಿತ್ತು. ಹಳೇ ರೆಕಾರ್ಡು ಕಣಯ್ಯ. ನಾಲ್ಕು ಅಂಕ."

ಎಲ್ಲವೂ ನಿಜ. ನಾಯಿ ನನಗೂ ಕೇಳಿಸಿತ್ತು.

"ರೆಕಾರ್ಡು ಹಳೇದಿರಬಹುದು, ಆಟೋ ಬಂದಿದ್ದು ಇವತ್ತಲ್ವೇ?" ಅಂದೆ. "ಕೆಲಸವಿಲ್ಲದೆ ಯಾರು ಪೆಟ್ರೋಲ್ ಸುಡ್ತಾರೆ?"

"ಅಂಬುಜಾ, ಅದು ಊಹೆ. ಪುರಾವೆಯಲ್ಲ" ಅಂದರು.

ರುದ್ರಯ್ಯ ನಿರಾಳವಾಗಿ ಕಾಫಿ ಕುಡಿದ. ನನ್ನ ಮೈ ಉರಿಯಿತು. ಒಂದು ಸಲ ಹೊಳೆ ಹತ್ತಿರ ಹೋಗಿ ನೋಡಿಕೊಂಡು ಬನ್ನಿ ಅಂತ ಇಬ್ಬರಿಗೂ ಹೇಳಿದೆ. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು.

ಮಧ್ಯಾಹ್ನ ತಟ್ಟೆ ಇಡುವ ಹೊತ್ತಿಗೆ ಅಣೆಕಟ್ಟೆಯ ಗೇಟು ತೆಗೆದರು. ರುದ್ರಯ್ಯ ಓಡಿ ಹೋಗಿ ನೋಡಿದಾಗ ಮೋಟಾರು ಇದ್ದ ಕಡೆ ಕೆಂಪು ನೀರು ಹರಿಯುತ್ತಿತ್ತು.

ಸಂಜೆ ಬಂದು ಜಗುಲಿಯಲ್ಲಿ ಕೂತ. ಬೈಯಲಿಲ್ಲ. ಬೈದಿದ್ದರೆ ಇವರಿಗೆ ಸ್ವಲ್ಪ ಹಗುರವಾಗುತ್ತಿತ್ತೋ ಏನೋ. ಅವನ ಮುಖ ನೋಡಿ ನನಗೆ ಸಂಕಟವಾಯಿತು. ಇವರು ಮಧ್ಯಾಹ್ನದಿಂದ ಅನ್ನ ಮುಟ್ಟಿರಲಿಲ್ಲ. ಮೊದಲ ಬಾರಿಗೆ ನಾನೂ ತಿನ್ನಿ ಅಂತ ಬಲವಂತ ಮಾಡಲಿಲ್ಲ.

ಆಗ ಆಟೋ ಮತ್ತೆ ಬಂತು. ಅದೇ ದನಿ, ಅದೇ ಮಾತು. ಪಂಪ್‌ಸೆಟ್ ಅನ್ನುವಾಗ ಅದೇ ನಾಯಿ ಬೊಗಳಿತು. ಇವರು ಕಣ್ಣು ಮುಚ್ಚಲಿಲ್ಲ. ಒಳಗೆ ಹೋಗಿ ಅಂಗಿ ತೊಟ್ಟುಕೊಂಡು ಬಂದರು.

"ನಡಿಯಪ್ಪ ರುದ್ರಯ್ಯ. ಇನ್ನೂ ಜಾಸ್ತಿ ಬಿಡ್ತಾರೆ. ದಂಡೇಲಿರೋದನ್ನ ಎತ್ತೋಣ."

"ಎತ್ತಕ್ಕೆ ಅಲ್ಲೇನೈತೆ ಸಾ" ಅಂದ ರುದ್ರಯ್ಯ.

ಇವರು ಅಂಗಿಯ ಗುಂಡಿ ಹಾಕಿಕೊಂಡು ಅಲ್ಲೇ ನಿಂತರು.