ಒಂಬತ್ತು ಬಂದವನಿಗೆ ಸೀಟು

ಸೀಟು ಸಿಕ್ಕವನು ಊಟ ಬಿಟ್ಟು ಕೂತಿದ್ದ. ಸಿಗದವನು ನಿಧಾನವಾಗಿ ಅನ್ನ ಕಲಸಿಕೊಂಡು ತಿನ್ನುತ್ತಿದ್ದ. ಖಮರುನ್ನೀಸಾಗೆ ಇದು ಬಗೆಹರಿಯಲಿಲ್ಲ. ತುಮಕೂರಿನ ಮಂಡಿಪೇಟೆಯ ಹಿಂದಿನ ಓಣಿಯಲ್ಲಿ ಹನ್ನೊಂದು ವರ್ಷದಿಂದ ಕಾಲೇಜು ಹುಡುಗರಿಗೆ ಮೆಸ್ ನಡೆಸುತ್ತಿದ್ದವಳು ಆಕೆ. ಯಾರು ಪಾಸು, ಯಾರು ಡುಮ್ಕಿ ಅನ್ನುವುದನ್ನು ರಿಸಲ್ಟು ಬರುವ ಮೊದಲೇ ತಟ್ಟೆ ನೋಡಿ ಹೇಳಿಬಿಡುತ್ತಿದ್ದಳು. ಈ ಸಾರಿ ತಟ್ಟೆಗಳೇ ತಿರುಗಾಮುರುಗಾ ಆಗಿದ್ದವು.

ಅದು ಎಂಬತ್ತೊಂದನೇ ಇಸವಿ, ಜುಲೈ ತಿಂಗಳು. ಒಮಾರಿ, ಜುಮಾ ಇಬ್ಬರೂ ಆಫ್ರಿಕಾದ ಕೀನ್ಯಾ ದೇಶದವರು. ಮೊಂಬಾಸಾ ಅನ್ನುವ ಬಂದರಿನಲ್ಲಿ ಹಡಗು ಹತ್ತಿ, ಬೊಂಬಾಯಿಯಲ್ಲಿ ಇಳಿದು, ರೈಲಿನಲ್ಲಿ ತುಮಕೂರು ಸೇರಿದ್ದರು. ಮೊಂಬಾಸಾದ ಗುಜರಾತಿ ಅಂಗಡಿಗಳಲ್ಲಿ ಕಲಿತ ಮುರುಕು ಹಿಂದೂಸ್ತಾನಿ ಇಬ್ಬರಿಗೂ ಬರುತ್ತಿತ್ತು. ಜುಮಾನಂತೂ ಬಂದ ತಿಂಗಳಿಗೇ ಸೊಪ್ಪಿನವಳ ಹತ್ತಿರ ಕನ್ನಡದಲ್ಲಿ ಚೌಕಾಸಿ ಮಾಡಿ, ಅವಳ ಕೈಯಲ್ಲಿ ಬೈಸಿಕೊಂಡು, ಆ ಬೈಗುಳವನ್ನೂ ಕಲಿತುಕೊಂಡು ಬಂದಿದ್ದ.

ಬಂದ ಹೊಸದರಲ್ಲಿ ಖಮರುನ್ನೀಸಾ ಕೇಳಿದ್ದಳು: "ಓದೋಕೆ ಅಂತ ಸಮುದ್ರ ದಾಟ್ಕೊಂಡು ಬರ್ತಾರೇನ್ರಪ್ಪಾ? ನಿಮ್ಮೂರಲ್ಲಿ ಕಾಲೇಜಿಲ್ವಾ?"

"ನಮ್ಮ ದೇಶಕ್ಕೆಲ್ಲ ಒಂದೇ ಯೂನಿವರ್ಸಿಟಿ, ಅಮ್ಮಿ," ಅಂದ ಒಮಾರಿ. "ಸಾವಿರಾರು ಜನ ಬಾಗಿಲಲ್ಲಿ ನಿಂತಿರ್ತಾರೆ. ಇಂಗ್ಲೆಂಡಿಗೆ ಹೋಗೋಣ ಅಂದ್ರೆ ಈಗ ಹೊರಗಿನವರಿಗೆ ಅಲ್ಲಿ ಫೀಸು ಏರಿಸಿಬಿಟ್ಟಿದಾರೆ. ನಮ್ಮಪ್ಪ ದೋಣಿ ಕಟ್ಟೋ ಬಡಗಿ. ಅಲ್ಲಿ ಒಂದು ವರ್ಷಕ್ಕೆ ಸುರಿಯೋ ದುಡ್ಡಲ್ಲಿ ಇಲ್ಲಿ ಪಿಯುಸಿ, ಎಂಜಿನಿಯರಿಂಗು ಎರಡೂ ಮುಗಿಯುತ್ತೆ. ನಿಮ್ಮ ಅನ್ನ ಸಾರೂ ಸೇರಿಸಿ."

"ಅಮೆರಿಕಾ?" ಅಂತ ಮೂಲೆಯಿಂದ ದಸ್ತಗೀರ್ ಸಾಬ್ ಬಾಯಿ ಹಾಕಿದ. ಅವನು ಖಮರುನ್ನೀಸಾಳ ಗಂಡ. ಕುಣಿಗಲ್ಲಿನ ಕುದುರೆ ಫಾರಮ್ಮಿನಲ್ಲಿ ಮೂವತ್ತು ವರ್ಷ ರೇಸು ಕುದುರೆಗಳ ಮೈ ತಿಕ್ಕಿ ರಿಟೈರಾಗಿ, ಈಗ ಮನೆಯಲ್ಲಿ ಈರುಳ್ಳಿ ಹೆಚ್ಚುತ್ತಿದ್ದ.

"ಅಲ್ಲಿ ಅರ್ಜಿ ಹಾಕೋಕೇ ದುಡ್ಡು, ಸಾಬ್. ಮತ್ತೆ ನೀನು ಎಂಥವನು ಅಂತ ನೀನೇ ಬರೆದು ಕಳಿಸಬೇಕು. ಅದನ್ನ ಓದಿ ಸೀಟು ಕೊಡ್ತಾರೆ."

"ತನ್ನ ತಾನೇ ಹೊಗಳ್ಕೊಂಡ್ರೆ ಸೀಟಾ? ಹಂಗಾದ್ರೆ ನಮ್ಮ ಓಣಿಯೋರೆಲ್ಲ ಇಷ್ಟೊತ್ತಿಗೆ ಅಮೆರಿಕಾದಲ್ಲೇ ಇರ್ಬೇಕಾಗಿತ್ತು!"

ಇಬ್ಬರೂ ಒಂದೇ ಕಾಲೇಜಿಗೆ, ಪಿಯುಸಿ ಸೈನ್ಸಿಗೆ ಅರ್ಜಿ ಹಾಕಿದ್ದರು. ಲಿಸ್ಟಿನಲ್ಲಿ ಜುಮಾನ ಹೆಸರು ಬಂತು, ಒಮಾರಿಯದು ಬರಲಿಲ್ಲ. ಶನಿವಾರಕ್ಕೆ ಅಡ್ಮಿಷನ್ ಮುಗಿಯುತ್ತದೆ. ಸೀಟಿಲ್ಲದ ಹುಡುಗನಿಗೆ ಈ ದೇಶದಲ್ಲಿ ಇರಲು ಸರ್ಕಾರ ಬಿಡುವುದಿಲ್ಲ. ಅಪ್ಪ ಹೊಟ್ಟೆ ಬಟ್ಟೆ ಕಟ್ಟಿ ಕಳಿಸಿದ ಮಗ ಬಂದ ದಾರಿಯಲ್ಲೇ ವಾಪಸು ಹಡಗು ಹತ್ತಬೇಕು.

ಶುಕ್ರವಾರ ಮಧ್ಯಾಹ್ನ ಖಮರುನ್ನೀಸಾ ತಾಳ್ಮೆಯಿಂದ ಜುಮಾನ ಎದುರು ಕೂತಳು. "ಸಾರು ಸರಿಯಿಲ್ವಾ?"

"ಚೆನ್ನಾಗೈತೆ, ಅಮ್ಮಿ."

"ಮತ್ಯಾಕೆ ಅದನ್ನ ಮೀನು ಹಿಡಿಯೋನಂಗೆ ನೋಡ್ತಿದೀಯ? ಹೋಗು, ಇಬ್ಬರದೂ ಮಾರ್ಕ್ಸ್ ಕಾಗದ ತಗೊಂಬಾ. ಅದರಲ್ಲಿ ಏನೈತೋ ನಾನೂ ನೋಡ್ತೀನಿ."

ಆಕೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ಆದರೆ ಅಂಕಿ ಬರುತ್ತಿತ್ತು. ಒಮಾರಿಯ ಕಾಗದದಲ್ಲಿ ಲೆಕ್ಕಕ್ಕೆ ಒಂದು, ಭೌತಶಾಸ್ತ್ರಕ್ಕೆ ಒಂದು, ರಸಾಯನಶಾಸ್ತ್ರಕ್ಕೆ ಎರಡು. ಜುಮಾನದರಲ್ಲಿ ಲೆಕ್ಕಕ್ಕೆ ಒಂಬತ್ತು, ಭೌತಶಾಸ್ತ್ರಕ್ಕೆ ಎಂಟು, ರಸಾಯನಶಾಸ್ತ್ರಕ್ಕೆ ಎಂಟು. ಪಾಪ, ಒಮಾರಿ ಇಷ್ಟೊಂದು ದಡ್ಡನೇ ಅಂತ ಆಕೆಯ ಜೀವ ಚುರುಕ್ಕೆಂದಿತು.

ದಸ್ತಗೀರ್ ಸಾಬ್ ಕನ್ನಡಕ ಏರಿಸಿ ಒಮಾರಿಯ ಕಾಗದ ಹಿಡಿದ. "ಒಂದು, ಒಂದು, ಎರಡು, ಒಂದು... ಯಾ ಅಲ್ಲಾ! ಯಾವ ಕುದುರೇನೇ ಇದು? ಓಡಿದ್ದೆಲ್ಲ ಗೆದ್ದೈತಲ್ಲೇ!"

"ಕುದುರೆ ಅಲ್ಲ ಕಣ್ರೀ, ಹುಡುಗ. ಮಾರ್ಕ್ಸು ಅದು."

"ಮಾರ್ಕ್ಸೋ ಗೀರ್ಕ್ಸೋ, ಫಾರಮ್ಮಲ್ಲಿ ಹಿಂಗೇ ಬರೀತಿದ್ವಿ. ಮೊದಲು ಬಂದಿದ್ದಕ್ಕೆ ಒಂದು, ಹಿಂದೆ ಉಳಿದಿದ್ದಕ್ಕೆ ಒಂಬತ್ತು." ಜುಮಾನ ಕಾಗದ ನೋಡಿ ಮೂಗು ಮುರಿದ. "ಇದು ಬುಡು, ಜಟಕಾಕ್ಕೆ ಹೂಡೋ ಜಾತಿ."

ಜುಮಾ ಕಿಸಕ್ಕನೆ ನಕ್ಕ. ನಗು ನಿಲ್ಲಿಸಲಾಗದೆ ತಟ್ಟೆ ಪಕ್ಕಕ್ಕಿಟ್ಟ. ಆಮೇಲೆ ಆ ನಗುವೇ ಅಳುವಾಗಿ ಮುಖ ಮುಚ್ಚಿಕೊಂಡ. ಒಮಾರಿ ತಲೆ ತಗ್ಗಿಸಿದ.

ಖಮರುನ್ನೀಸಾಗೆ ಎಲ್ಲ ಹೊಳೆಯಿತು. "ಗೊತ್ತಿದ್ದೂ ಸುಮ್ಮನಿದ್ಯಾ, ಒಮಾರಿ?"

"ಹೇಳಿದ್ರೆ ಇವನ ಸೀಟು ಹೋಗುತ್ತೆ, ಅಮ್ಮಿ. ಒಂದೇ ಬೀದಿಯವರು ನಾವು. ಇವನಮ್ಮನಿಗೆ ಏನಂತ ಮುಖ ತೋರಿಸಲಿ?"

"ನಾನೇ ಹೇಳ್ತೀನಿ ಅಂದ್ರೆ ಬಾಯಿ ಮುಚ್ಚಿಸ್ತಾನೆ," ಅಂದ ಜುಮಾ ಮೂಗೊರೆಸಿಕೊಳ್ಳುತ್ತ.

ಒಬ್ಬನ ಎಲೆ ಎಳೆದು ಇನ್ನೊಬ್ಬನಿಗೆ ಬಡಿಸುವುದು ಹೇಗೆ? ಖಮರುನ್ನೀಸಾ ಅವತ್ತು ಸಂಜೆಯವರೆಗೂ ಯೋಚಿಸಿದಳು. ಯಾವ ದಾರಿಯೂ ಕಾಣಲಿಲ್ಲ. ದಾರಿ ಕಾಣದಿದ್ದರೆ ಮನೆಯಲ್ಲಿ ಕೂತರೂ ಕಾಣುವುದಿಲ್ಲ ಅಂದುಕೊಂಡು, ಬೆಳಿಗ್ಗೆ ಬುರ್ಖಾ ತೊಟ್ಟು ಇಬ್ಬರನ್ನೂ ಕರೆದುಕೊಂಡು ಕಾಲೇಜಿಗೆ ಹೊರಟಳು.

ಆಫೀಸಿನಲ್ಲಿ ಗುಮಾಸ್ತ ಶಿವರಾಮಯ್ಯ ಕಡತಗಳ ನಡುವೆ ಕೂತಿದ್ದರು. ಸಿ.ಎಸ್. ಪುರದ ಕಡೆಯವರು, ಒಳ್ಳೆಯವರು, ಆದರೆ ತಪ್ಪು ಅನ್ನುವುದು ತಮ್ಮ ಮೇಜಿಗೆ ಬರುವುದಿಲ್ಲ ಅಂತ ನಂಬಿದವರು. ಖಮರುನ್ನೀಸಾ ಎರಡೂ ಕಾಗದ ಅವರ ಮುಂದಿಟ್ಟು, ಒಮಾರಿಗೆ ಯಾಕೆ ಸೀಟಿಲ್ಲ ಅಂತ ಕೇಳಿದಳು.

"ನೋಡಮ್ಮಾ," ಅಂದರು, "ನಾನು ಆ ದೇಶದ ಕಾಗದ ಎಲ್ಲ ಅಳೆದು ಸುರಿದು ನೋಡಿದೀನಿ. ಅವರಲ್ಲಿ ಮಾರ್ಕ್ಸು ಕೊಡೋದೇ ಒಂಬತ್ತಕ್ಕೆ. ಈ ಜುಮಾ ಲೆಕ್ಕದಲ್ಲಿ ಒಂಬತ್ತಕ್ಕೆ ಒಂಬತ್ತು! ನಮ್ಮ ಕಾಲೇಜಿಗೇ ಹೆಮ್ಮೆ. ಇವನಿಗೆ ಒಂದು. ಒಂದು ಮಾರ್ಕ್ಸ್ ತಗೊಂಡೋನಿಗೆ ಹೆಂಗಮ್ಮಾ ಸೈನ್ಸ್ ಕೊಡ್ಲಿ?"

"ಒಂದು ಮಾತು ಕೇಳ್ಲಾ, ಸ್ವಾಮಿ? ನೀವು ಓದೋವಾಗ ಕ್ಲಾಸಿಗೆ ಎಷ್ಟನೇ ರ‍್ಯಾಂಕು?"

ಶಿವರಾಮಯ್ಯನ ಎದೆ ಸ್ವಲ್ಪ ಉಬ್ಬಿತು. "ಎರಡನೇ ರ‍್ಯಾಂಕು."

"ಒಂಬತ್ತನೇ ರ‍್ಯಾಂಕಿನೋನು ನಿಮಗಿಂತ ಜಾಣನಾ?"

"ಅವನಾ? ಅವನು ದನ ಕಾಯೋಕೂ..." ಅಂದವರು ಅಲ್ಲಿಗೇ ನಿಂತರು. ಒಮಾರಿಯ ಕಾಗದ ನೋಡಿದರು. ಜುಮಾನ ಕಾಗದ ನೋಡಿದರು. ಎರಡನ್ನೂ ಹಿಡಿದು ಎದ್ದು ಪ್ರಿನ್ಸಿಪಾಲರ ಕೋಣೆಗೆ ಹೋದರು. ಇವರು ಮೂವರೂ ಹಿಂದೆಯೇ ನುಗ್ಗಿದರು.

ಹೊರದೇಶದ ಪರೀಕ್ಷೆಗಳ ವಿವರವಿದ್ದ ದಪ್ಪ ಪುಸ್ತಕವೊಂದು ಆ ಕಾಲೇಜಿನಲ್ಲಿ ಇದ್ದೇ ಇತ್ತು. ಅದು ನೀರಿನ ಮಡಕೆಯ ಮೇಲೆ ಮುಚ್ಚಳವಾಗಿ ಕೂತಿತ್ತು. ಪ್ರಿನ್ಸಿಪಾಲರು ಅದನ್ನು ಕೊಡವಿ, ಒದ್ದೆ ಹಾಳೆ ಬಿಡಿಸಿ, ಬೆರಳಿಟ್ಟು ಓದಿದರು. "ಒಂದು ಅಂದರೆ ಅತ್ಯುತ್ತಮ. ಒಂಬತ್ತು ಅಂದರೆ ಫೇಲು... ಶಿವರಾಮಯ್ಯ!"

ಶಿವರಾಮಯ್ಯ ಗೋಡೆಗೆ ಅಂಟಿಕೊಂಡರು. ಖಮರುನ್ನೀಸಾ ಜುಮಾನ ಪರವಾಗಿ ಏನಾದರೂ ಹೇಳೋಣ ಅಂತ ಬಾಯಿ ತೆರೆಯುವಷ್ಟರಲ್ಲಿ ಅವನೇ ಮುಂದೆ ಬಂದು ಕೈಮುಗಿದ. ಅಚ್ಚ ತುಮಕೂರು ಕನ್ನಡದಲ್ಲಿ ಶುರುಮಾಡಿದ.

"ಸಾರ್, ನಂಗೆ ಲೆಕ್ಕ ಬರಾಕಿಲ್ಲ. ನಮ್ಮೂರಲ್ಲೂ ಬರ್ತಿರ್ಲಿಲ್ಲ, ಇಲ್ಲೂ ಬರಾಕಿಲ್ಲ. ಲಿಸ್ಟ್ ನೋಡಿದಾಗ್ಲಿಂದ ನಿದ್ದೆಯಿಲ್ಲ. ಅವನ ಸೀಟು ಅವನಿಗೆ ಕೊಟ್ಬುಡಿ. ನನ್ನ ಓಡಿಸ್ಬೇಕಾದ್ರೆ ಓಡಿಸಿ, ಲೆಕ್ಕದ ಕ್ಲಾಸಿಗೆ ಮಾತ್ರ ಕಳಿಸ್ಬೇಡಿ!"

ಪ್ರಿನ್ಸಿಪಾಲರು ಪುಸ್ತಕ ಮುಚ್ಚಿ ಅವನನ್ನೇ ನೋಡಿದರು. "ಈ ಕನ್ನಡ ಎಲ್ಲಿ ಕಲಿತೆಯಪ್ಪಾ?"

"ಸೊಪ್ಪು ಮಾರೋ ಅಮ್ಮ ಕಲಿಸಿದ್ದು, ಸಾರ್. ಬೈಯೋದೂ ಬರುತ್ತೆ. ಬೈಲಾ?"

ಪ್ರಿನ್ಸಿಪಾಲರು ನಗು ತಡೆಯಲಾರದೆ ಕುರ್ಚಿಯಲ್ಲೇ ಕುಲುಕಾಡಿದರು. ಆಮೇಲೆ ಜುಮಾನ ಕಾಗದವನ್ನು ಕೆಳಗಿನ ಸಾಲಿನವರೆಗೂ ಓದಿದರು. ಲೆಕ್ಕ ಫೇಲಾದರೂ ಒಟ್ಟು ಪರೀಕ್ಷೆ ಅವನು ಪಾಸಾಗಿದ್ದ. ಇಂಗ್ಲಿಷಿಗೆ ಎರಡು, ಚರಿತ್ರೆಗೆ ಎರಡು, ಅವನ ಸ್ವಾಹಿಲಿ ಭಾಷೆಗೆ ಒಂದು.

"ಶಿವರಾಮಯ್ಯ, ಆರ್ಟ್ಸಿನಲ್ಲಿ ಎಷ್ಟು ಸೀಟು ಖಾಲಿ ಇದೆ?"

"ಹದಿನೇಳು ಇವೆ, ಸಾರ್."

"ಹದಿನಾರು ಅಂತ ಬರ್ಕೊಳಿ. ಸೈನ್ಸಿನ ಲಿಸ್ಟಲ್ಲಿ ಈ ಒಮಾರಿಯ ಹೆಸರು ಮೊದಲನೇದು ಹಾಕಿ. ಮತ್ತೆ ಆ ಮಡಕೆಗೆ ಒಂದು ತಟ್ಟೆ ತರಿಸಿ."

ಲೆಕ್ಕದ ಕ್ಲಾಸಿಲ್ಲ ಅಂತ ತಿಳಿದದ್ದೇ ಜುಮಾ ಒಮಾರಿಯನ್ನು ಎತ್ತಿಕೊಂಡು ಕಾರಿಡಾರಿನಲ್ಲಿ ಎರಡು ಸುತ್ತು ಹೊಡೆದ. ಸಾಲಿನಲ್ಲಿ ನಿಂತಿದ್ದ ಗುಬ್ಬಿ ಕಡೆಯ ಹುಡುಗರು ಏನು ಎತ್ತ ತಿಳಿಯದಿದ್ದರೂ ಸಿಳ್ಳೆ ಹಾಕಿದರು. ಖಮರುನ್ನೀಸಾ ಬುರ್ಖಾದ ಅಂಚಿನಲ್ಲಿ ಕಣ್ಣೊರೆಸಿಕೊಂಡು, "ಇಳಿಸೋ ಅವನ್ನ, ಸೊಂಟ ಮುರಿದುಕೊಂಡ್ರೆ ಆಸ್ಪತ್ರೆಗೆ ಯಾರು ಸೇರಿಸ್ಕೋತಾರೆ!" ಅಂತ ಗದರಿಸಿದಳು.

ಶಿವರಾಮಯ್ಯ ಎರಡು ಹೊಸ ಅರ್ಜಿ ತಂದು ಆಕೆಯ ಮುಂದಿಟ್ಟರು. ದನಿ ಈಗ ಬೆಣ್ಣೆಯಾಗಿತ್ತು.

"ಊರಲ್ಲಿ ಹುಡುಗರಿಗೆ ಜವಾಬ್ದಾರರು ಅಂತ ಒಬ್ಬರು ಸಹಿ ಮಾಡಬೇಕಮ್ಮಾ. ಇಲ್ಲಿ ಸಂಬಂಧ ಅಂತ ಒಂದು ಕಾಲಂ ಇದೆ. ಏನಂತ ಬರೀಲಿ?"

ಖಮರುನ್ನೀಸಾ ಒಂದು ಗಳಿಗೆ ಯೋಚಿಸಿದಳು. "ಊಟ ಹಾಕೋಳು ಅಂತ ಬರೀರಿ."

"ಹಂಗೆಲ್ಲ ಬರೆಯೋಕಾಗಲ್ಲಮ್ಮಾ. ಅತ್ತೆ, ಚಿಕ್ಕಮ್ಮ, ಅಂಥದ್ದೇನಾದ್ರೂ..."

"ಇಲ್ಲದ್ದು ಬರೆದು ಇನ್ನೊಂದು ಎಡವಟ್ಟು ಮಾಡ್ಬೇಡಿ, ಸ್ವಾಮಿ. ಇರೋದನ್ನೇ ಬರೀರಿ."

ಶಿವರಾಮಯ್ಯ ಪೆನ್ನಿಗೆ ಇಂಕು ತುಂಬಿಸಿಕೊಂಡು, ಎರಡೂ ಅರ್ಜಿಯಲ್ಲಿ ದುಂಡಗೆ ಬರೆದರು: ಊಟ ಹಾಕುವವರು.